ಕೆಲಸ ಹೋದವರಿಗೆ ವಿಮಾ ಭತ್ಯೆ: ರಾಜೀನಾಮೆಗೆ ಸಹಿ ಹಾಕುವ ಮೊದಲು ತಿಳಿದಿರಲಿ

ಕಟಪಾಡಿಯಿಂದ ದಿನಾಲೂ ಬಸ್ಸು ಹತ್ತಿ ಉಡುಪಿಯ ಬಟ್ಟೆ ಮಳಿಗೆಗಳಿಗೆ, ಮಣಿಪಾಲದ ಮುದ್ರಣಾಲಯಗಳಿಗೆ ಹೋಗುವ ಅನೇಕರ ಸಂಬಳದಲ್ಲಿ ಇಎಸ್‌ಐ ಹಣ ಕಡಿತವಾಗುತ್ತದೆ. ಇಎಸ್‌ಐ ಎಂದರೆ ಮದ್ದು, ಆಸ್ಪತ್ರೆ ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಕೆಲಸ ಹೋದಾಗಲೂ ಅದರಿಂದ ಭತ್ಯೆ ಸಿಗುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಗೊತ್ತಾಗುವಷ್ಟರಲ್ಲಿ ಕೆಲವರು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿ ಆಗಿರುತ್ತದೆ.

ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ, ತಿಂಗಳಿಗೆ ರೂ. 21,000ದ ವರೆಗೆ ಸಂಬಳ ಪಡೆಯುವವರು ಇಎಸ್‌ಐ ವಿಮಾದಾರರಾಗುತ್ತಾರೆ. 2019ರ ಜುಲೈಯಿಂದ ನೌಕರನ ಪಾಲು ಶೇ. 0.75, ಮಾಲಕರ ಪಾಲು ಶೇ. 3.25.

ಕೆಲಸ ಹೋದವರಿಗಾಗಿ ಇರುವುದು 2018ರ ಜುಲೈ 1ರಂದು ಆರಂಭವಾದ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’. ಮೊದಲು ದಿನದ ಸರಾಸರಿ ಸಂಬಳದ ಶೇ. 25 ಕೊಡುತ್ತಿದ್ದರು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅದನ್ನು ಶೇ. 50ಕ್ಕೆ ಏರಿಸಲಾಯಿತು. ಇಡೀ ಜೀವಮಾನದಲ್ಲಿ ಒಟ್ಟು 90 ದಿನಗಳಿಗೆ ಮಾತ್ರ ಈ ಭತ್ಯೆ. ಕೆಲಸ ಹೋಗುವ ಮುಂಚಿನ ಎರಡು ವರ್ಷಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ಎರಡು ವರ್ಷವೂ ರೂ. 18,000 ಸಂಬಳವಿದ್ದವರಿಗೆ 90 ದಿನಕ್ಕೆ ಸುಮಾರು ರೂ. 26,600 ಸಿಗುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ಕೆಲಸ ಹೋದ ಮನೆಗೆ ಅದರ ಬೆಲೆ ಗೊತ್ತು.

ಕನಿಷ್ಠ ಎರಡು ವರ್ಷ ವಿಮೆಯ ಕೆಲಸ ಮಾಡಿರಬೇಕು. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಸಂದಿರಬೇಕು. ವಂತಿಗೆ ಅವಧಿ ಎಂದರೆ ಎಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್.

ಕೆಲಸ ಹೋದ 30 ದಿನಗಳ ನಂತರ ಅರ್ಜಿ ಹಾಕಬಹುದು. ಮೊದಲು ಮಾಲಕರ ಮೂಲಕ ಹೋಗಬೇಕಿತ್ತು, 2020ರಿಂದ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಪ್ರತಿ ಬೇಕು. ಎರಡರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ‘ಡಿಸೋಜ’, ಇನ್ನೊಂದರಲ್ಲಿ ‘ಡಿಸೋಜಾ’ ಎಂದಿರುವುದು ನಮ್ಮ ಕಡೆ ಹೊಸದೇನಲ್ಲ. ಹಣ ನೇರವಾಗಿ ಖಾತೆಗೆ ಬರುತ್ತದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಆದ್ದರಿಂದ ಅರ್ಜಿಗೆ ಮೊದಲು ಚಾಲ್ತಿಯಲ್ಲಿದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ.

ಇನ್ನು ರಾಜೀನಾಮೆಯ ವಿಷಯ. ಶಿಕ್ಷೆಯಾಗಿ ವಜಾ ಆದವರಿಗೆ, ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಈ ಭತ್ಯೆ ಇಲ್ಲ. ಮಾಲಕರು ಇಎಸ್‌ಐಗೆ ತಿಂಗಳ ಲೆಕ್ಕ ಸಲ್ಲಿಸುವಾಗ ನೌಕರ ಏಕೆ ಇಲ್ಲ ಎಂಬ ಕಾರಣವನ್ನೂ ನಮೂದಿಸುತ್ತಾರೆ. ‘ಕೆಲಸ ಬಿಟ್ಟರು’ ಎಂಬುದಕ್ಕೂ ‘ಕೆಲಸದಿಂದ ಕಡಿತ’ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಕಾರ್ಖಾನೆ ಮುಚ್ಚಿ ಅಥವಾ ಕಡಿತದಿಂದ ಕೆಲಸ ಹೋದವರಿಗೆ 2005ರ ಎಪ್ರಿಲ್‌ನಿಂದ ‘ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ’ ಬೇರೆಯೇ ಇದೆ. ಅದರ ಭತ್ಯೆ ಇನ್ನೂ ದೀರ್ಘ ಕಾಲ ಸಿಗುತ್ತದೆ. ತಾನಾಗಿ ಬಿಟ್ಟವರಿಗೆ ಅದೂ ಇಲ್ಲ. “ಬಾಕಿ ಹಣ ಬೇಗ ಸಿಗುತ್ತದೆ, ಒಂದು ರಾಜೀನಾಮೆ ಬರೆದು ಕೊಡಿ” ಎಂದು ಹೇಳಿದರೆ ಆ ಕಾಗದವನ್ನು ಮನೆಗೆ ತಂದು, ತಿಳಿದವರಿಗೆ ತೋರಿಸಿ. ಕೆಲಸದಿಂದ ತೆಗೆದದ್ದಕ್ಕೆ ಲಿಖಿತ ಪತ್ರ ಕೇಳಿ ಪಡೆಯಿರಿ.

ಯುಎಇಯಲ್ಲಿರುವ ನಮ್ಮವರಿಗೂ ಇದೇ ಮಾತು. ಅಲ್ಲಿ 2023ರ ಜನವರಿ 1ರಿಂದ ಉದ್ಯೋಗ ನಷ್ಟ ವಿಮೆ ಕಡ್ಡಾಯವಾಗಿದೆ. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಮ್. ವಿಮೆ ಮಾಡಿಸದಿದ್ದರೆ 400 ದಿರ್ಹಮ್ ದಂಡ. ಸತತ 12 ತಿಂಗಳು ಕಟ್ಟಿದವರಿಗೆ ಮೂಲ ವೇತನದ ಶೇ. 60, ಒಮ್ಮೆಗೆ ಮೂರು ತಿಂಗಳವರೆಗೆ. ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಬೇಡಿ: ಮೂಲ ವೇತನ 3,000 ಇದ್ದರೆ ಸಿಗುವುದು 1,800. ರಾಜೀನಾಮೆ ಕೊಟ್ಟವರಿಗಾಗಲಿ, ಶಿಸ್ತುಕ್ರಮದಿಂದ ಕೆಲಸ ಕಳೆದುಕೊಂಡವರಿಗಾಗಲಿ ಇಲ್ಲ. ಅರ್ಜಿ 30 ದಿನಗಳೊಳಗೆ ಹಾಕಬೇಕು, ದೇಶ ಬಿಟ್ಟು ಬಂದವರಿಗೆ ಭತ್ಯೆ ಇಲ್ಲ. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲು ಅರ್ಜಿ ಹಾಕಿ.

ಬೀಡಿ ಕಟ್ಟುವವರು, ಮಲ್ಪೆಯ ದೋಣಿಗಳಿಗೆ ಹೋಗುವವರು, ಮನೆಕೆಲಸದವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಗೆ ಬರುವುದಿಲ್ಲ. ಇದೊಂದು ದೊಡ್ಡ ಕೊರತೆ. ರಾಜ್ಯ ಸರಕಾರದ ಯುವನಿಧಿ ವಿಮೆಯಲ್ಲ. ಅದು ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಅರ್ಜಿ ಸೇವಾ ಸಿಂಧು ಮೂಲಕ.

ವಾರ್ಡಿನಲ್ಲಿ ಯಾರದಾದರೂ ಕೆಲಸ ಹೋದ ಸುದ್ದಿ ಬಂದರೆ ಗುರಿಕಾರರು ಮೊದಲು ಇಎಸ್‌ಐ ಸಂಖ್ಯೆ ಮತ್ತು ಕೆಲಸದ ಕೊನೆಯ ದಿನ ಕೇಳಿ ಬರೆದಿಟ್ಟುಕೊಳ್ಳಲಿ. ಉಳಿದ ಲೆಕ್ಕವೆಲ್ಲ ಆ ದಿನಾಂಕದಿಂದಲೇ ಶುರುವಾಗುತ್ತದೆ.