ನೀರು ಸೋಸುವ ಪೊರೆಗೆ ವಿಷದ ದ್ರಾವಕ ಯಾಕೆ? ‘ಹಸಿರು’ ಪರ್ಯಾಯಗಳ ಲೆಕ್ಕ ಇಲ್ಲಿದೆ

ಪಾವಗಡ, ಕೋಲಾರದಂಥ ಫ್ಲೋರೈಡ್ ಪೀಡಿತ ಸೀಮೆಯಲ್ಲಿ ಕುಡಿಯುವ ನೀರು ಅಂದ್ರೆ ಊರಿನ ಆರ್‌ಒ ಘಟಕ. ಅದರ ಜೀವಾಳ ಮೆಂಬ್ರೇನ್, ಅಂದ್ರೆ ಸೋಸುವ ಪೊರೆ. ಆ ಪೊರೆ ತಯಾರಾಗೋದು ಹೇಗೆ ಅನ್ನೋದು ಮಾತ್ರ ಚರ್ಚೆಗೆ ಬರೋದೇ ಅಪರೂಪ.

ತಯಾರಿ ಹೇಗೆ?
ಪಾಲಿಸಲ್ಫೋನ್‌ನಂಥ ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸಿ, ತೆಳುವಾಗಿ ಹರಡಿ, ನೀರಿನ ತೊಟ್ಟಿಯಲ್ಲಿ ಅದ್ದುತ್ತಾರೆ. ದ್ರಾವಕ ನೀರಿಗಿಳಿಯುತ್ತದೆ, ಪ್ಲಾಸ್ಟಿಕ್ ಗಟ್ಟಿಯಾಗಿ, ಸೂಕ್ಷ್ಮ ರಂಧ್ರಗಳ ಹಾಳೆಯಾಗುತ್ತದೆ. ಆರ್‌ಒ ಪೊರೆಯಲ್ಲಿ ಈ ಹಾಳೆಯ ಮೇಲೆ ಪಾಲಿಅಮೈಡ್‌ನ ಇನ್ನೊಂದು ತೆಳು ಪದರ ಕೂರಿಸುತ್ತಾರೆ.

ಸಮಸ್ಯೆ ಏನು?
ಹೆಚ್ಚು ಬಳಕೆಯಲ್ಲಿರುವ ದ್ರಾವಕಗಳು ಎನ್‌ಎಂಪಿ, ಡಿಎಂಎಫ್, ಡಿಎಂಎಸಿ. ಇವು ಸಂತಾನಶಕ್ತಿಗೆ ಅಥವಾ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವು ಎಂದು ಯುರೋಪ್ ಒಕ್ಕೂಟ ವರ್ಗೀಕರಿಸಿದೆ. ಡಿಎಂಎಫ್ ಚರ್ಮದ ಮೂಲಕವೂ ದೇಹ ಸೇರಿ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಮೊದಲ ಅಪಾಯ ಕಾರ್ಮಿಕರಿಗೆ, ಆಮೇಲೆ ತೊಟ್ಟಿಯ ನೀರು ಹರಿದು ಹೋಗುವ ಕಡೆಯವರಿಗೆ.

ಕಾನೂನು ಏನನ್ನುತ್ತೆ?
ಯುರೋಪ್‌ನಲ್ಲಿ 2020ರ ಮೇ ತಿಂಗಳಿಂದ ಎನ್‌ಎಂಪಿಗೆ, 2023ರ ಡಿಸೆಂಬರ್‌ನಿಂದ ಡಿಎಂಎಫ್‌ಗೆ ನಿರ್ಬಂಧವಿದೆ. ಪೂರ್ತಿ ನಿಷೇಧವಲ್ಲ, ಕಾರ್ಮಿಕರು ಉಸಿರಾಡುವ ಗಾಳಿಯಲ್ಲಿ ಎಷ್ಟಿರಬಹುದು, ಚರ್ಮಕ್ಕೆ ಎಷ್ಟು ತಾಗಬಹುದು ಅನ್ನೋದಕ್ಕೆ ಮಿತಿ ಹಾಕಲಾಗಿದೆ.

ಪರ್ಯಾಯ ಏನಿದೆ?
ಸೆಲ್ಯುಲೋಸ್‌ನಿಂದ ತಯಾರಾಗುವ ಸೈರೀನ್, ಸಸ್ಯತ್ಯಾಜ್ಯದಿಂದ ತೆಗೆಯಬಹುದಾದ ಗ್ಯಾಮಾ-ವ್ಯಾಲೆರೋಲ್ಯಾಕ್ಟೋನ್, ಪೋಲಾರ್‌ಕ್ಲೀನ್, ಡಿಎಂಎಸ್‌ಒ ಮೇಲೆ ಪ್ರಯೋಗಗಳು ನಡೆದಿವೆ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ತಂಡವಂತೂ ಸಾವಯವ ದ್ರಾವಕವನ್ನೇ ಬಿಟ್ಟು, ನೀರಿನಲ್ಲೇ ಕರಗುವ ಪಾಲಿಮರ್‌ಗಳಿಂದ ಪೊರೆ ಮಾಡಿ ತೋರಿಸಿದೆ.

ಹಾಗಾದ್ರೆ ಬದಲಾಯಿಸೋಕೆ ಏನು ಕಷ್ಟ?
ದ್ರಾವಕ ಬದಲಾದ್ರೆ ರಂಧ್ರದ ಗಾತ್ರ, ಪೊರೆಯ ಗಟ್ಟಿತನ ಎಲ್ಲವೂ ಬದಲಾಗುತ್ತದೆ. ತಯಾರಿಯ ಸೂತ್ರವನ್ನೇ ಹೊಸದಾಗಿ ಹೊಂದಿಸಬೇಕು. ಸೈರೀನ್ ಎನ್‌ಎಂಪಿಗಿಂತ ಮಂದ, ದುಬಾರಿ ಕೂಡ. ಇನ್ನು, ಸಸ್ಯಮೂಲ ಅಂದ ಮಾತ್ರಕ್ಕೆ ನಿರಪಾಯಕಾರಿ ಅಂತೇನಿಲ್ಲ. ತೊಟ್ಟಿಯ ನೀರನ್ನು ಶುದ್ಧೀಕರಿಸದೆ ಹೊರಬಿಟ್ರೆ ಯಾವ ದ್ರಾವಕವೂ ‘ಹಸಿರು’ ಅಲ್ಲ.

ನಮ್ಮ ಪ್ರಶ್ನೆ
ಊರೂರಿನ ನೀರಿನ ಘಟಕಗಳಿಗೆ ಖರ್ಚಾಗೋದು ಸಾರ್ವಜನಿಕ ಹಣ. ಟೆಂಡರ್‌ನಲ್ಲಿ ದರ, ಗುಣಮಟ್ಟ ಕೇಳುವಂತೆಯೇ ‘ಪೊರೆ ಯಾವ ದ್ರಾವಕದಲ್ಲಿ ತಯಾರಾಯ್ತು, ಆ ತ್ಯಾಜ್ಯ ಎಲ್ಲಿಗೆ ಹೋಯ್ತು’ ಅಂತಲೂ ಕೇಳಬಹುದು. ಒಬ್ಬರ ಶುದ್ಧ ನೀರಿಗೆ ಇನ್ನೊಬ್ಬರ ಆರೋಗ್ಯ ಬೆಲೆಯಾಗಬಾರದು. ಅದನ್ನು ಖಾತ್ರಿಪಡಿಸೋದು ಕೊಳ್ಳುವ ಸರ್ಕಾರದ ಹೊಣೆಯೂ ಹೌದು.