ಲಡಾಖಿನ ಮಣ್ಣಿನ ಮನೆಗಳು ನಿಂತ ನೆಲ

ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು, ಅದನ್ನು ಎಲ್ಲಿ ಕಟ್ಟಬೇಕೆಂಬುದನ್ನು ಆ ಗಾದೆಯಲ್ಲಿ ಸೇರಿಸಲಿಲ್ಲ. ಡಿ.ಡಿ.ಎ. ಚೀಟಿ ಎತ್ತಿ ಕೊಟ್ಟ ಫ್ಲಾಟುಗಳಲ್ಲಿ ಸಂಸಾರ ಹೂಡಿದ ದೆಹಲಿ ಕನ್ನಡಿಗರಾದ ನಮಗೆ ಆ ಪ್ರಶ್ನೆ ಏಳುವ ಪ್ರಸಂಗವೂ ಕಡಮೆಯೇ. ಆದರೆ ಮಳೆಯಿಲ್ಲದ, ಮರಗಳು ವಿರಳವಾದ, ಚಳಿಗಾಲದ ರಾತ್ರಿಗಳಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕಿಳಿಯುವ ನಾಡಿನಲ್ಲಿ ಹಸಿಮಣ್ಣಿನಿಂದ ಮನೆ ಕಟ್ಟಿಕೊಳ್ಳುವವನಿಗೆ ಮೊಟ್ಟಮೊದಲ ಪ್ರಶ್ನೆಯೇ ಅದು. ಲಡಾಖಿನ ಇತಿಹಾಸವನ್ನು ಅರಸರ ವಂಶಾವಳಿಯ ಮೂಲಕ ಓದುವುದು ವಾಡಿಕೆ. ಅಲ್ಲಿಯ ಮನೆಗಳು ಎಲ್ಲಿ ನಿಂತಿವೆ ಎಂಬುದರಿಂದಲೂ ಅದನ್ನು ಓದಬಹುದೆಂದು ನಮ್ಮ ಅಭಿಪ್ರಾಯ.

ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ವರ್ಷವೆಲ್ಲ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್. (ನಮ್ಮ ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಬಿಡುವುದುಂಟು.) ಮೇಲಿನ ಹಿಮ ಕರಗಿ ಬರುವ ತೊರೆಯ ನೀರನ್ನು ಕಾಲುವೆಗೆ ತಿರುಗಿಸಿಕೊಂಡಲ್ಲಿ ಮಾತ್ರ ಬಾರ್ಲಿಯ ಹೊಲ, ಕಾಲುವೆಯ ಗೆರೆ ದಾಟಿದರೆ ಬರಿಯ ಕಲ್ಲು, ಮರಳು. ಹೀಗಿರುವಾಗ ಹಸುರಾಗಬಲ್ಲ ನೆಲದ ಮೇಲೆ ಮನೆ ಕಟ್ಟುವುದೆಂದರೆ ಅನ್ನದ ಮೇಲೆ ಹಾಸಿಗೆ ಹಾಸಿದಂತೆ. ನೀರು ಹತ್ತುವ ನೆಲ ಹೊಲಕ್ಕೆ, ಹತ್ತದ ನೆಲ ಮನೆಗೆ ಎಂಬುದು ಅಲ್ಲಿಯ ಹಳೆಯ ಕಟ್ಟಳೆ. ಶೇ, ಠಿಕ್ಸೆ, ಬಾಸ್ಗೊ ಮುಂತಾದ ಹಳೆಯ ಊರುಗಳಲ್ಲಿ ಕೋಟೆಯೋ ವಿಹಾರವೋ ಬೋಳುಗುಡ್ಡವನ್ನೇರಿ ಕುಳಿತಿದೆ. ಹೊಲಗಳು ಕೆಳಗೆ ಹರಡಿವೆ.

ಈ ಮಿತವ್ಯಯದಿಂದ ಮನೆಗೂ ಲಾಭವಾಯಿತು. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಚಳಿ ಶತ್ರುವಲ್ಲ, ಬುಡಕ್ಕೆ ಏರುವ ನೀರು ಶತ್ರು. ಆದ್ದರಿಂದಲೇ ಅಡಿಪಾಯ ಕಲ್ಲಿನದು, ಅದರ ಕೆಳಗಿನ ನೆಲ ಒಣಗಿದ್ದು. ಇನ್ನು ಬಿಸಿಲಿನ ಮಾತು. ಡಿಸೆಂಬರ್ ಕೊನೆಯಲ್ಲಿ ಲೇಹ್‌ನ ನಡುಹಗಲ ಸೂರ್ಯ ದಿಗಂತದಿಂದ ಕೇವಲ 32 ಡಿಗ್ರಿ ಮೇಲಿರುತ್ತಾನೆ. ಗುಡ್ಡದ ದಕ್ಷಿಣದ ಇಳಿಜಾರಿನ ಮೇಲೆ ನಿಂತ ಮನೆಯ ಕಿಟಕಿಯೊಳಕ್ಕೆ ಆ ಓರೆ ಬಿಸಿಲು ಬಹುದೂರ ನುಗ್ಗುತ್ತದೆ; ಉತ್ತರದ ಇಳಿಜಾರಿನಲ್ಲಿ ಕಟ್ಟಿದವನಿಗೆ ಗುಡ್ಡದ ನೆರಳೇ ಗತಿ. ಸೆಂಗೆ ನಮ್‌ಗ್ಯಾಲ್ ಅರಸ 17ನೆಯ ಶತಮಾನದಲ್ಲಿ ಕಟ್ಟಿಸಿದ ಒಂಬತ್ತು ಅಂತಸ್ತಿನ ಲೇಹ್ ಅರಮನೆ, ಅದರ ಕೆಳಗೆ ಒತ್ತೊತ್ತಾಗಿ ಕುಳಿತ ಹಳೆಯ ಪೇಟೆ ಎರಡೂ ಬೆನ್ನನ್ನು ಗುಡ್ಡಕ್ಕೆ ಕೊಟ್ಟು ಮುಖವನ್ನು ಬಿಸಿಲಿಗೆ ಒಡ್ಡಿವೆ. ರಾತ್ರಿಯ ಶೀತಗಾಳಿಯಾದರೋ ನೀರಿನಂತೆಯೇ ಇಳಿದುಹೋಗಿ ಕಣಿವೆಯ ತಳದಲ್ಲಿ ನಿಲ್ಲುವಂಥದು. ದಿಣ್ಣೆಯ ಮನೆ ಅದಕ್ಕಿಂತ ಮೇಲೆ ಉಳಿಯುತ್ತದೆ.

ಮನೆಯ ರಚನೆಯನ್ನು ವಿಜಾಪುರ, ಬಳ್ಳಾರಿ ಕಡೆಯ ಓದುಗರಿಗೆ ಬಹಳ ವಿವರಿಸಬೇಕಾದುದಿಲ್ಲ. ಅದು ಮಾಳಿಗೆ ಮನೆಯೇ. ಪಾಪ್ಲರ್ ಮರದ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿಗಳ ಹಾಸು, ಹುಲ್ಲು, ಮೇಲೆ ಮೆತ್ತಿದ ಮಣ್ಣು. ದಪ್ಪ ಗೋಡೆ ನಮ್ಮಲ್ಲಿ ಸೆಕೆಯನ್ನು ತಡೆದರೆ ಅಲ್ಲಿ ಹಗಲಿನ ಬಿಸಿಲನ್ನು ರಾತ್ರಿಗೆಂದು ಕೂಡಿಡುತ್ತದೆ. ಕೆಳಗೆ ದನಕರು, ಮೇಲೆ ಚಳಿಗಾಲದ ಅಡುಗೆಮನೆ, ಉತ್ತರದ ಗೋಡೆಗೆ ಕಿಟಕಿ ಇಲ್ಲವೆಂದರೂ ಸರಿ.

ನೆಲ ಅಗೆಯುವ ಮೊದಲು ಓನ್‌ಪೋ ಎಂಬ ಜೋಯಿಸನನ್ನು ಕೇಳುವ, ಭೂಮಿಯ ಒಡೆಯನೆನಿಸಿದ ಸದಗ್ ದೇವತೆಗೆ ಪೂಜೆ ಸಲ್ಲಿಸುವ ಪದ್ಧತಿಯುಂಟು. ಒರತೆಗಳ ಬಳಿ ವಾಸಿಸುವ 'ಲು' ಎಂಬ ನಾಗಸ್ವರೂಪಿ ಶಕ್ತಿಗಳನ್ನು ಕೆಣಕಬಾರದು. ಅವಕ್ಕೆ ಪುಟ್ಟ ಗುಡಿಗಳೂ ಇವೆ. ತುಳುನಾಡಿನ ನಾಗಬನ ಬಲ್ಲವರಿಗೆ ಇದು ವಿಚಿತ್ರವೆನಿಸದು. ಮೂಢನಂಬಿಕೆಯೆನ್ನುವವರು ಎನ್ನಲಿ. ಒರತೆಯ ಮಗ್ಗುಲಲ್ಲಿ ಮಣ್ಣಿನ ಗೋಡೆ ಎಬ್ಬಿಸಿದರೆ ನಾಗ ಕೋಪಿಸಲಿ ಬಿಡಲಿ, ಗೋಡೆಯಂತೂ ನಿಲ್ಲದು.

ಆದರೆ ಈ ಕಟ್ಟಳೆ ನೆಲ ಉಳ್ಳವರ ಕಟ್ಟಳೆ ಎಂಬುದನ್ನು ಮರೆಯಬಾರದು. ವಾದ್ಯ ನುಡಿಸಿ ಬದುಕುತ್ತಿದ್ದ ಬೇಡ ಎಂಬ ಜನಕ್ಕೆ (ಹೆಸರಿನ ಸಾಮ್ಯವಷ್ಟೇ, ನಮ್ಮ ಬೇಡರಿಗೂ ಅವರಿಗೂ ನಂಟಿಲ್ಲ) ಸ್ವಂತ ಹೊಲವೇ ಇರಲಿಲ್ಲ, ಆರಿಸುವ ಮಾತೆಲ್ಲಿಯದು? 1959ರ ತರುವಾಯ ಟಿಬೆಟ್ಟಿನಿಂದ ಬಂದ ನಿರಾಶ್ರಿತರದೂ ಅದೇ ಕಥೆ. ಅವರಲ್ಲಿ ಕೆಲವರು ನಮ್ಮ ಬೈಲುಕುಪ್ಪೆಗೆ ಬಂದರು, ಕೆಲವರು ಲೇಹ್‌ನ ಕೆಳಗಿನ ಚೋಗ್ಲಮ್‌ಸರ್‌ನಲ್ಲಿ ನೆಲೆಸಿದರು. 1962ರ ಯುದ್ಧದ ಅನಂತರ ಸೈನ್ಯ ಬೆಳೆಯಿತು, 1974ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆಯಿತು. ಸಂಬಳದ ಕೆಲಸ ಹುಡುಕಿ ಹಳ್ಳಿಗಳ ಜನ ಪೇಟೆಗೆ ಬಂದರು. ಮನೆಗಳು ದಿಣ್ಣೆ ಬಿಟ್ಟು ರಸ್ತೆಯ ಬದಿಗೆ ಇಳಿದವು. ಗುಡ್ಡದ ತೊರೆಗಳು ಬಯಲಿಗೆ ಬೀಳುವಲ್ಲಿ ಕಲ್ಲುಮಣ್ಣು ಬೀಸಣಿಗೆಯಂತೆ ಹರಡಿರುತ್ತದೆ. ಒಣಗಿದ ಕಾಲದಲ್ಲಿ ಅದನ್ನು ನೋಡಿದರೆ ಅಗ್ಗದ, ಅಚ್ಚುಕಟ್ಟಾದ ನಿವೇಶನದಂತೆಯೇ ಕಾಣುತ್ತದೆ.

2010ರ ಆಗಸ್ಟ್ 5ರ ನಡುರಾತ್ರಿ ಮೇಘಸ್ಫೋಟವಾಯಿತು. ಕೆಸರು, ಬಂಡೆಗಳು ಆ ಬೀಸಣಿಗೆಗಳ ಹಾದಿಯನ್ನೇ ಹಿಡಿದು ಬಂದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚೋಗ್ಲಮ್‌ಸರ್‌ನಲ್ಲಿ ಹಾನಿ ಅತಿಯಾಯಿತು. ಲೇಹ್‌ನ ಬಸ್ ನಿಲ್ದಾಣ, ಆಸ್ಪತ್ರೆ, ದೂರವಾಣಿ ವಿನಿಮಯ ಕೇಂದ್ರಗಳೂ ಪೆಟ್ಟು ತಿಂದವು. ಮಣ್ಣಿನ ಮನೆಗಳದೇ ತಪ್ಪೆನ್ನುವುದು ಸುಲಭ. ಮಣ್ಣಿನ ಮಾಳಿಗೆ ಅಂಥ ಮಳೆಗೆ ಹುಟ್ಟಿದ್ದಲ್ಲ, ನಿಜ. ಆದರೆ ಪ್ರವಾಹದ ಹಾದಿಯಲ್ಲಿ ಸಿಮೆಂಟಿನ ಗೋಡೆಯೂ ಉಳಿಯುವುದಿಲ್ಲ. ಗುಡ್ಡದ ಮೇಲಿನ ಅರಮನೆ ನಿಂತೇ ಇದೆ.

ಈಗ ಕಣಿವೆಗಳನ್ನು ದಾಟಿ ಲಾರಿಗಳಲ್ಲಿ ಸಿಮೆಂಟು ಬರುತ್ತದೆ. ತೆಳುವಾದ ಕಾಂಕ್ರೀಟ್ ಗೋಡೆ ಹಗಲಿನ ಶಾಖವನ್ನು ರಾತ್ರಿಗೆ ಉಳಿಸಿಕೊಡದ ಕಾರಣ ಒಳಗೆ ಉರುವಲೂ ಹೆಚ್ಚು ಬೇಕು. ಇದಕ್ಕೆ ಬೇರೆ ದಾರಿ ಹಿಡಿದವರೂ ಇದ್ದಾರೆ. 1988ರಲ್ಲಿ ಸ್ಥಾಪಿತವಾದ ಸೆಕ್ಮೋಲ್ ಎಂಬ ವಿದ್ಯಾರ್ಥಿಗಳ ಸಂಸ್ಥೆ, ಸಿಂಧೂ ದಂಡೆಯ ಫೇ ಗ್ರಾಮದ ಬಳಿ, ಏನೂ ಬೆಳೆಯದಿದ್ದ ಬೋಳುನೆಲದಲ್ಲಿ ಮಣ್ಣನ್ನು ದಮ್ಮಸು ಮಾಡಿ ತನ್ನ ಕಟ್ಟಡಗಳನ್ನು ಎಬ್ಬಿಸಿತು. ಅವುಗಳ ದೊಡ್ಡ ಕಿಟಕಿಗಳೆಲ್ಲ ದಕ್ಷಿಣಕ್ಕೆ. ಚಳಿಗಾಲದಲ್ಲಿ ಆ ಮಗ್ಗುಲಿಗೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಬಿಸಿಲನ್ನು ಹಿಡಿಯುತ್ತಾರೆ, ಬೇಸಿಗೆ ಬಂದೊಡನೆ ಸುತ್ತಿಡುತ್ತಾರೆ.