ಮದ್ದಗಿರಿಯ ಪ್ರಭುಮನೆತನ

ಸಿದ್ದರಬೆಟ್ಟದ ಸುತ್ತಣ ನಾಡು ದುರ್ಗಗಳ ನಾಡು. ಮಧುಗಿರಿ, ಚನ್ನರಾಯನದುರ್ಗ, ಮಿಡಿಗೇಶಿ, ನಿಡುಗಲ್ಲು, ಪಾವಗಡ ಇವೆಲ್ಲವೂ ಹಿಂದೆ ಪಾಳೆಯಗಾರರ ಆಶ್ರಯಸ್ಥಾನಗಳಾಗಿದ್ದುವು. ಇವರಲ್ಲಿ ಮದ್ದಗಿರಿಯ ಮಹಾನಾಡಪ್ರಭುಗಳ ಚರಿತ್ರೆಯು ವಿಚಾರಾರ್ಹವಾದುದು.

ತಪ್ಪಿಸಿಕೊಂಡು ಹೋದ ಕುರಿಯೊಂದು ನೀರು ತೊಟ್ಟಿಕ್ಕುತ್ತ ಬೆಟ್ಟದಿಂದಿಳಿದು ಬರಲು, ಮೇಲೆ ಊಟೆಗಳಿರುವುದು ತಿಳಿದುಬಂದಿತೆಂದೂ, ಆ ಬಳಿಕ ರಾಜಾ ಹಿರೇಗೌಡನು ಅಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂದೂ ಐತಿಹ್ಯವುಂಟು. ಕಥೆಯು ಎಂತಾದರೂ ಇರಲಿ, ಅದರ ತಾತ್ಪರ್ಯವು ಸತ್ಯವಾದುದೇ. ನೀರಿಲ್ಲದ ಗಿರಿಯು ಎಷ್ಟು ಎತ್ತರವಾಗಿದ್ದರೇನು, ದುರ್ಗವೆನಿಸಲಾರದಷ್ಟೆ.

ವಂಶದ ಭಾಗ್ಯವು ಚಿರಕಾಲ ನಿಲ್ಲಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರಲ್ಲಿ, ಮೈಸೂರಿನ ಸೈನ್ಯವು ಮದ್ದಗಿರಿಯನ್ನು ವಶಪಡಿಸಿಕೊಂಡಿತು. ಆಗ ಜೊತೆಗೂಡಿ ಆಳುತ್ತಿದ್ದ ರಾಮಗೌಡ, ತಿಮ್ಮಪ್ಪಗೌಡ ಎಂಬುವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅನಂತರ ಬಿಡುಗಡೆಹೊಂದಿದ ಅವರಿಗೆ ಜೀವನಾರ್ಥವಾಗಿ ಮಿಡಿಗೇಶಿಯು ದೊರೆಯಿತು. ನಾಡನ್ನಾಳಿದವರು ಪರರು ಕೊಟ್ಟುದನ್ನು ಉಣ್ಣುವಂತಾಯಿತು.

ಆಂಗ್ಲ ದೇಶದಲ್ಲಿ ಒಂದನೆಯ ಜೇಮ್ಸ್ ದೊರೆಯು 1611ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬಿರುದನ್ನು ಏರ್ಪಡಿಸಿದನು. ಆ ಬಿರುದು ಸಾಮಾನ್ಯವಾಗಿ ಗಂಡುಸಂತಾನವು ನಿಂತಾಗ ಲೋಪಹೊಂದುವುದು. ಭೂಮಿಯು ಕೈಬಿಟ್ಟರೂ ಹೆಸರು ಉಳಿಯಬಹುದು. ನಮ್ಮ ಪಾಳೆಯಗಾರರ ಸ್ಥಿತಿಯು ಇದಕ್ಕೆ ವಿಪರೀತ. ಉತ್ತರಾಧಿಕಾರಿಗಳು ಬದುಕಿರುವಾಗಲೇ ಪ್ರಭುತ್ವವು ಅಸ್ತಮಿಸಿತು. ದುರ್ಗವೇ ಅವರ ಬಿರುದಿನ ಪ್ರಾಣ.

ಆದರೆ ದುರ್ಗವು ಒಡೆಯರನ್ನು ಕಳೆದುಕೊಂಡು ಸುಮ್ಮನಿರಲಿಲ್ಲ. ಹೈದರಾಲಿಯು ಕೋಟೆಯನ್ನು ವಿಸ್ತರಿಸಿ ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಇಲ್ಲಿಯೇ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಹಿಡಿದು ಅವರನ್ನು ಬಿಡಿಸಿದನು. ರಾಣಿಯಾದರೋ ಪುಣೆಗೆ ಹೋಗುವ ಹಾದಿಯಲ್ಲಿಯೇ ತೀರಿಕೊಂಡಳು. ಹೀಗೆ ಒಂದು ಪ್ರಭುವಂಶವನ್ನು ಕಳೆದುಕೊಂಡ ಬೆಟ್ಟವು ಮತ್ತೊಂದು ರಾಜವಂಶದ ಅವಸಾನಕ್ಕೂ ಸಾಕ್ಷಿಯಾಯಿತು.

ಮದ್ದಗಿರಿಯು ಮಧುಗಿರಿಯಾಗಿದೆ. ಇಂದು ಏಕಶಿಲೆಯ ಆ ಬೆಟ್ಟವನ್ನು ನೋಡಬರುವವರು ಗೋಡೆ ಬುರುಜುಗಳನ್ನು ಹೊಗಳುವರು. ಹೊಗಳತಕ್ಕುದೇ ಸರಿ. ಆದರೂ ಗೋಡೆಗಳು ಯಾರನ್ನೂ ಕೊನೆಯವರೆಗೆ ಕಾಯಲಿಲ್ಲ. ಪ್ರಭುಗಳನ್ನು ಅಲ್ಲಿಗೆ ಕರೆದುದು ನೀರು. ಕುರಿಯ ಕಥೆಯನ್ನು ಹೇಳುವ ಜನರು ಇಂದಿಗೂ ನೆನೆಯುವುದು ಆ ನೀರನ್ನೇ.